ಕಿಷ್ಮಿಶ್ ಎಂಬ ನೆಪ

ಬಾಗಿಲು ತೆರೆದ ಸನೋಬರ್ ಮೊದಲು ಕಂಡಿದ್ದು ರಕ್ತ!

ಎದುರಿಗೆ ನಿಂತಿದ್ದವನ ಅಂಗಿಯ ತೋಳು ಮೊಣಕೈವರೆಗೂ ಕೆಂಪಾಗಿತ್ತು. ಕಂಕುಳಲ್ಲಿ ಒಂದು ಬುಟ್ಟಿ. ಬುಟ್ಟಿಯೊಳಗಿಂದ ಯಾರೋ ಸಿಟ್ಟಿನಲ್ಲಿ ಗುರುಗುಟ್ಟುತ್ತಿದ್ದರು.

"ಸೂಜಿ ಚುಚ್ಚೋರು ನೀವೇ ಅಲ್ವಾ?" ಎಂದ ಅವನು, ಅವಳ ಮುಖ ನೋಡದೆ.

"ಮೊದಲು ಒಳಗೆ ಬನ್ನಿ. ಯಾವ ನಾಯಿ ಕಚ್ಚಿದ್ದು?"

"ನಾಯಿ ಅಲ್ಲ, ಬೆಕ್ಕು. ಸೂಜಿ ಬೇಕಾಗಿರೋದು ನನಗಲ್ಲ... ಇದಕ್ಕೆ."

"ನಾನು ಮನುಷ್ಯರ ನರ್ಸು ಕಣ್ರೀ!"

"ಗೊತ್ತು. ಕಿಡ್ನಿ ವಾರ್ಡಲ್ಲಿದೀರಿ ಅಂತ ಕೆಳಗೆ ಬೆಂಚಿನ ಮೇಲೆ ಖಾಲಾಗಳು ಹೇಳಿದ್ರು. ಇದಕ್ಕೂ ಕಿಡ್ನಿನೇ ಹೋಗಿರೋದು."

ನಗಬಾರದು ಅಂದುಕೊಂಡರೂ ಸನೋಬರ್‌ಗೆ ನಗು ಬಂದೇ ಬಿಟ್ಟಿತು. ಅವನು ಆಗ ತಲೆಯೆತ್ತಿದ. ಆ ಕಣ್ಣುಗಳಲ್ಲಿ ಎಷ್ಟು ಸುಸ್ತು... ಎಷ್ಟು ಭಯ! ಅವಳ ನಗು ಅಲ್ಲೇ ನಿಂತಿತು.

ಅವನು ಹೋತಮ್ ಉಸ್ತಾ, ಅಂದರೆ ಕಸುಬುದಾರ ಹೋತಮ್. ವಠಾರದ ಅಂಗಳದ ಗೇಟಿನ ಪಕ್ಕದ ತಗಡಿನ ಅಂಗಡಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಏಳು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಅವನು ನಾಲ್ಕು ಮಾತಿಗಿಂತ ಹೆಚ್ಚು ಆಡಿದ್ದನ್ನು ಖುಜಂದ್ ಪಟ್ಟಣದ ಆ ಅಂಗಳದಲ್ಲಿ ಯಾರೂ ಕೇಳಿರಲಿಲ್ಲ. ದಿನಕ್ಕೆ ಐವತ್ತು ಸೂಜಿ ಪೋಣಿಸುವ ಅವನಿಗೆ ಒಂದು ಬೆಕ್ಕಿಗೆ ಸೂಜಿ ಚುಚ್ಚಲು ಕೈ ಬಂದಿರಲಿಲ್ಲ!

ಬುಟ್ಟಿಯಿಂದ ಹೊರಬಂದಿದ್ದು ಕರಿ ಬೆಕ್ಕು. ಹೆಸರು ಕಿಷ್ಮಿಶ್, ಅಂದರೆ ಒಣದ್ರಾಕ್ಷಿ; ವಯಸ್ಸು ಹದಿನಾಲ್ಕು. ಬೆನ್ನಿನ ಮೂಳೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

"ಒಂದಿನ ಬಿಟ್ಟು ಒಂದಿನ ಚರ್ಮದ ಕೆಳಗೆ ನೂರು ಎಂ.ಎಲ್. ಸಲೈನ್ ಕೊಡಬೇಕಂತೆ. ಪ್ರಾಣಿ ಡಾಕ್ಟರು ಮನೇಲೇ ಕೊಡಿ ಅಂದ್ರು. ಕೊಡೋಕೆ ಹೋದೆ... ಹೀಗಾಯ್ತು."

ಸನೋಬರ್ ಸಲೈನ್ ಚೀಲವನ್ನು ಬಿಸಿನೀರಲ್ಲಿ ಬೆಚ್ಚಗೆ ಮಾಡಿದಳು. ಗೋಡೆಯ ಅಲಂಕಾರದ ರತ್ನಗಂಬಳಿ ನೇತುಹಾಕಿದ್ದ ಮೊಳೆಗೆ ಅದನ್ನು ಸಿಕ್ಕಿಸಿದಳು. ಬೆಕ್ಕಿನ ಹೆಗಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಸೂಜಿ ಇಳಿಸಿದಳು. ಕಿಷ್ಮಿಶ್ ಕಿವಿಯನ್ನೂ ಅಲ್ಲಾಡಿಸಲಿಲ್ಲ!

"ಚುಚ್ಚಿಯಾಯ್ತಾ?"

"ಆಗಲೇ ಆಯ್ತು. ಕಣ್ಣು ಬಿಡಿ."

ಅವಳ ಕೈಗುಣವೇ ಹಾಗೆ. ಮದುವೆಯಾದ ಹನ್ನೊಂದೇ ತಿಂಗಳಿಗೆ ಪೆಟ್ಟಿಗೆ ಹಿಡಿದು ತವರಿಗೆ ಬಂದವಳ ಬಗ್ಗೆ ಕೆಳಗೆ ಬೆಂಚಿನ ಮೇಲೆ ಕೂರುವ ಹಿರಿಯ ಹೆಂಗಸರು ಆಡದ ಮಾತಿರಲಿಲ್ಲ. ಆ ಬಾಯಿಗಳನ್ನು ಮುಚ್ಚಿಸಿದ್ದು ಅವಳ ಸಿರಿಂಜು. ಈಗ ಇಡೀ ಅಂಗಳದ ಸೂಜಿಗಳೆಲ್ಲ ಮೂರನೇ ಮಹಡಿಯ ಅವಳ ಮನೆಗೇ ಬರುತ್ತಿದ್ದವು.

ಹಾಗೆ ಶುರುವಾಯಿತು. ಒಂದು ದಿನ ಬಿಟ್ಟು ಒಂದು ದಿನ, ಅವಳ ಡ್ಯೂಟಿ ಮುಗಿದ ಮೇಲೆ, ಬುಟ್ಟಿ ಮೆಟ್ಟಿಲು ಹತ್ತುತ್ತಿತ್ತು.

ಸಲೈನ್ ಇಳಿದ ಮೇಲೆ ನೀರಿನ ಗುಳ್ಳೆ ಜಾರಿ ಬೆಕ್ಕಿನ ಮುಂಗಾಲಿಗೆ ಬರುತ್ತಿತ್ತು. ಅದು ಒಂದು ಕಡೆ ವಾಲಿಕೊಂಡು ಗತ್ತಿನಿಂದ ನಡೆಯುವುದನ್ನು ನೋಡಿ ಮೂವರೂ ನಗುತ್ತಿದ್ದರು. ಮೂರನೆಯವಳು ಸನೋಬರ್‌ಳ ತಾಯಿ ಓಯ್ಷಾ. ಆಕೆ ಮಗಳ ಕಣ್ಣು ತಪ್ಪಿಸಿ ಬೆಕ್ಕಿಗೆ ಕುರುತ್ ಉಂಡೆ ತಿನ್ನಿಸುತ್ತಿದ್ದಳು.

"ಅಮ್ಮಾ! ಆ ಒಣ ಮೊಸರಿನ ಉಂಡೇಲಿ ಬರೀ ಉಪ್ಪು! ಅದರ ಕಿಡ್ನಿ ಸಾಯಿಸ್ತೀಯಾ?"

"ಮನೆಗೆ ಬಂದ ಅತಿಥಿ ಕಣೇ. ಬರೀ ನೀರು ಕೊಟ್ಟು ಕಳಿಸಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?"

ಹೋತಮ್ ನಕ್ಕ. ಅವನು ಹಾಗೆ ಗಟ್ಟಿಯಾಗಿ ನಗುವುದನ್ನು ಸನೋಬರ್ ಅವತ್ತೇ ಮೊದಲ ಸಲ ಕೇಳಿದ್ದು. ಇನ್ನೊಮ್ಮೆ ಕೇಳಬೇಕೆನಿಸಿತು. 'ಅಯ್ಯೋ, ನಲವತ್ತೊಂದು ವರ್ಷದ ಹೆಂಗಸು ನೀನು... ನಾಚಿಕೆ ಇಲ್ವಾ?'

ನಾಚಿಕೆ ಇತ್ತು. ಆದರೂ ಅವನು ಬರುವ ದಿನ ಅವಳು ಹಸಿರು ಪಟ್ಟಿಯ ರೇಷ್ಮೆ ಅಂಗಿಯನ್ನೇ ಹಾಕುತ್ತಿದ್ದಳು. ಬೆಕ್ಕಿಗೆ ಸೂಜಿ ಹಾಕಲು ರೇಷ್ಮೆ! ಓಯ್ಷಾ ನೋಡಿದಳು, ಚಹಾಕ್ಕೆ ಇನ್ನೊಂದು ಬಟ್ಟಲು ಇಟ್ಟಳು.

ಗಂಡ ಬಿಟ್ಟವಳ ಮನೆಗೆ ಹೆಂಡತಿ ಇಲ್ಲದವನು ಬರಿಗೈಯಲ್ಲಿ ಬಂದರೆ ಬೆಂಚು ಸುಮ್ಮನಿರುತ್ತದೆಯೇ? ಆದರೆ ರೋಗಿಯನ್ನು ಹೊತ್ತು ಬಂದವನಿಗೆ ಯಾರೂ ಏನೂ ಅನ್ನುವಂತಿಲ್ಲ. ಬೆಂಚಿನ ಹಾಜ್ರಾ ಖಾಲಾ ಕೂಡ "ಕಿಷ್ಮಿಶ್ ಹೇಗಿದೆ ಸನೋಬರ್?" ಎಂದು ಮೀಸೆಯಡಿ ನಕ್ಕು ಸುಮ್ಮನಾಗುತ್ತಿದ್ದಳು. ಆಕೆಗೆ ನಿಜವಾಗಿಯೂ ಸಣ್ಣ ಮೀಸೆ ಇತ್ತು.

ಒಂದು ದಿನ ಚಹಾ ಕುಡಿಯುತ್ತಾ ಹೋತಮ್ ಅಂದ, "ಇದು ನನ್ನ ಹೆಂಡತಿ ಸಾಕಿದ್ದು. ಇದೂ ಹೋಯ್ತು ಅಂದ್ರೆ ನಾನು..."

ಮಾತನ್ನು ಅರ್ಧಕ್ಕೇ ಬಿಟ್ಟು ಅವನು ಬೆಕ್ಕಿನ ಕಿವಿ ಸವರಿದ.

ಉಳಿದಿದ್ದನ್ನು ಸನೋಬರ್ ತಾನೇ ತುಂಬಿಕೊಂಡಳು. 'ಪಾಪ, ಅವನಿಗೆ ಇದು ಬೆಕ್ಕಲ್ಲ, ಹೆಂಡತಿ. ಅವನು ಬರೋದು ಇದಕ್ಕಾಗಿ. ಇದು ಇರೋವರೆಗೆ ಮಾತ್ರ...' ಅಂದು ಅವಳು ಕುಡಿದ ಚಹಾ ಕಹಿಯಾಗಿತ್ತು.

ಚಳಿಗಾಲ ಕಳೆಯಿತು. ವಸಂತದ ಹಬ್ಬ ನವ್ರೂಜ್ ಬಂತು, ಜರ್ದಾಳು ಮರಗಳು ಹೂಬಿಟ್ಟವು. ಹಬ್ಬದ ಮಾರನೇ ದಿನ ಕಿಷ್ಮಿಶ್‌ನ ಬಾಯಿಯ ವಾಸನೆ ಬದಲಾಗಿತ್ತು.

ಆ ವಾಸನೆಯ ಅರ್ಥವನ್ನು ಸನೋಬರ್‌ಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಗಳಲ್ಲಿ ಅವಳು ಅದನ್ನು ಎಷ್ಟು ಸಲ ಮೂಸಿಲ್ಲ! ಒಸಡು ಬಿಳಿಚಿತ್ತು, ನಾಲಿಗೆಯಂಚಿನಲ್ಲಿ ಹುಣ್ಣು. ಇನ್ನು ಸಲೈನ್‌ನಿಂದ ಉಪಯೋಗವಿಲ್ಲ. ಇನ್ನು ಕೊಡುವುದೆಲ್ಲ ಬರೀ ಹಿಂಸೆ...

"ಹೇಗಿದೆ?" ಎಂದ ಹೋತಮ್.

ಹೇಳು ಸನೋಬರ್, ಹೇಳಿಬಿಡು!

"ಪರವಾಗಿಲ್ಲ," ಎಂದಳು ಅವಳು. "ಆದ್ರೆ ಇನ್ಮೇಲೆ... ದಿನಾಲೂ ಕೊಡೋಣ."

ದಿನಾಲೂ! ಆ ಮಾತು ಬಾಯಿಂದ ಜಾರಿದ ಕ್ಷಣವೇ ಅವಳಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಆದರೆ ಹೋತಮ್‌ನ ಮುಖ ಅರಳಿತ್ತು. ಆ ಮುಖ ನೋಡಿದ ಮೇಲೆ ನಿಜ ಹೇಳುವ ಧೈರ್ಯ ಎಲ್ಲಿಂದ ಬರಬೇಕು?

ಮೂರು ವಾರ ಹೀಗೇ ನಡೆಯಿತು. ಪ್ರತಿದಿನ ಅವನು "ಇವತ್ತು ಎರಡು ಚಮಚ ತಿಂತು," ಅನ್ನುತ್ತಿದ್ದ. ಪ್ರತಿದಿನ ಅವಳು "ಒಳ್ಳೇದೇ ಆಯ್ತು," ಅನ್ನುತ್ತಿದ್ದಳು. ಚಹಾ ಆರುತ್ತಿತ್ತು. ಬೆಕ್ಕು ಇಬ್ಬರ ನಡುವೆ ಒದ್ದೆ ಬಟ್ಟೆಯ ಹಾಗೆ ಮಲಗಿರುತ್ತಿತ್ತು.

ಆಮೇಲೆ ಒಂದು ಮಂಗಳವಾರ ಹೋತಮ್ ಬುಟ್ಟಿಯ ಮುಚ್ಚಳ ತೆಗೆದ. ಕಿಷ್ಮಿಶ್ ಹೊರಗೆ ಬರಲಿಲ್ಲ.

ಸನೋಬರ್ ಕೈ ಚಾಚಿದಳು. ಬೆಕ್ಕು ಆ ಕೈಯನ್ನು ನೋಡಿತು. ಕಚ್ಚಲಿಲ್ಲ, ಪರಚಲಿಲ್ಲ. ನಡುಗುತ್ತಾ ತಿರುಗಿ, ಬುಟ್ಟಿಯ ಮೂಲೆಗೆ ಮುಖ ಒತ್ತಿಕೊಂಡಿತು.

ತನ್ನ ಕೈಗೆ ಹೆದರಿ! ಇಡೀ ಅಂಗಳ ಹೊಗಳುವ ಈ ಕೈಗೆ!

ಸೂಜಿಯನ್ನು ತಟ್ಟೆಗೆ ಹಾಕಿ ಅವಳು ಗೋಡೆಗೊರಗಿ ಕುಸಿದಳು.

"ನನ್ನನ್ನ ಕ್ಷಮಿಸಬೇಡಿ ಹೋತಮ್. ಇದರ ಕಥೆ ಮುಗಿದು ಮೂರು ವಾರ ಆಯ್ತು. ನನಗೆ ಗೊತ್ತಿತ್ತು... ಮೊದಲ ದಿನವೇ ಗೊತ್ತಿತ್ತು."

"ಮತ್ತೆ... ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ನಾಳೆಯಿಂದ ಬರ್ತಿರಲಿಲ್ಲ."

ಅವನ ಮುಖದ ಬಣ್ಣ ಇಳಿಯಿತು. ಮುಚ್ಚಳ ಹಾಕಿದ, ಬುಟ್ಟಿಯನ್ನು ಎದೆಗವಚಿಕೊಂಡ, ಒಂದು ಮಾತೂ ಆಡದೆ ಮೆಟ್ಟಿಲಿಳಿದು ಹೋದ.

ಅಂದು ಸಂಜೆಯೇ ಪ್ರಾಣಿ ಡಾಕ್ಟರ ಕೋಣೆಯಲ್ಲಿ ಕಿಷ್ಮಿಶ್ ಕೊನೆಯ ಸೂಜಿ ಹಾಕಿಸಿಕೊಂಡು ನೋವಿಲ್ಲದೆ ಕಣ್ಣು ಮುಚ್ಚಿತಂತೆ. ಈ ಸುದ್ದಿಯನ್ನು ಬೆಂಚು ತಲುಪಿಸಿತು. ಜೊತೆಗೆ ಹೋಗಿ ಅದರ ತಲೆ ಸವರಬೇಕಿತ್ತು... ಸನೋಬರ್ ಹೋಗಿರಲಿಲ್ಲ.

ಒಂದು ವಾರ ಹೋತಮ್ ಬಾಗಿಲ ಗಂಟೆ ಒತ್ತಲಿಲ್ಲ. 'ದ್ವೇಷಿಸಲಿ, ಅದೇ ನ್ಯಾಯ,' ಎಂದು ಅವಳು ಅಂದುಕೊಂಡಳು. ಅನ್ನುವುದು ಸುಲಭ... ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಅವಳ ಕೈಲಿದ್ದ ಕೆಲಸ ನಿಲ್ಲುತ್ತಿತ್ತು.

"ಎಷ್ಟು ದಿನ ಹೀಗೆ ಕೂತಿರ್ತೀಯಾ?" ಎಂದಳು ಓಯ್ಷಾ ಕೊನೆಗೆ.

"ಯಾವ ಮುಖ ಇಟ್ಕೊಂಡು ಹೋಗ್ಲಿ ಅಮ್ಮ?"

"ಇರೋದೊಂದೇ ಮುಖ. ಅದನ್ನೇ ಇಟ್ಕೊಂಡು ಹೋಗು. ತಪ್ಪು ಮಾಡಿದ್ರೆ ತಪ್ಪಾಯ್ತು ಅನ್ನು, ಹಾಡುಹಗಲಲ್ಲಿ ಅನ್ನು."

ಸನೋಬರ್ ಅಂಗಳ ದಾಟಿದಳು. ಕೈಯಲ್ಲಿ ಸಿರಿಂಜಿಲ್ಲ, ಹೊಲಿಗೆ ಯಂತ್ರವಿಲ್ಲ, ಏನೂ ಇಲ್ಲ.

"ಎಲ್ಲಿಗೆ ಸನೋಬರ್? ಬೆಕ್ಕು ಹೋಯ್ತಲ್ಲ?" ಎಂದಳು ಹಾಜ್ರಾ ಖಾಲಾ.

"ಹೋತಮ್ ಹತ್ರ ಹೋಗ್ತಿದೀನಿ ಖಾಲಾ."

"ಏನ್ ಕೆಲಸ?"

"ಕೆಲಸ ಏನಿಲ್ಲ. ಅವರ ಹತ್ರಾನೇ ಹೋಗ್ತಿದೀನಿ."

ಬೆಂಚು ಜನ್ಮದಲ್ಲಿ ಮೊದಲ ಸಲ ಮೂಕವಾಯಿತು!

ಅಂಗಡಿಯಲ್ಲಿ ಹೋತಮ್ ಒಂದು ಯಂತ್ರದ ಹೊಟ್ಟೆ ಬಿಚ್ಚಿಟ್ಟುಕೊಂಡು ಸುಮ್ಮನೆ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ನೋಡಿ ಎದ್ದು ನಿಂತ.

"ತಪ್ಪಾಯ್ತು ಅಂತ ಹೇಳೋಕೆ ಬಂದೆ," ಎಂದಳು. "ನಿಮ್ಮ ಹೆಂಡತಿಯ ನೆನಪನ್ನ ನಾನು ನನ್ನ ಆಸೆಗೆ..."

"ಹೆಂಡತಿ ಮಾತು ಬೇಡ ಸನೋಬರ್. ನಂಗೆ ಇನ್ನೂ ಹೆಚ್ಚು ನಾಚಿಕೆ ಆಗುತ್ತೆ." ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ನೀನು ಮೂರು ವಾರ ಸುಳ್ಳು ಹೇಳಿದೆ. ನಾನು ಒಂದು ತಿಂಗಳು ಹೇಳಿದೀನಿ."

"ಏನು?"

"ಹಬ್ಬಕ್ಕೆ ಮುಂಚೆನೇ ಡಾಕ್ಟರು ಇನ್ನು ಉಪಯೋಗ ಇಲ್ಲ, ಸಾಕು ಮಾಡಿ ಅಂದಿದ್ರು. ಎರಡು ಚಮಚ ತಿಂತು ಅಂತಿದ್ನಲ್ಲ... ಅದು ಒಂದು ತುತ್ತೂ ಮುಟ್ಟಿರಲಿಲ್ಲ. ಎಲ್ಲಾ ಬೀದಿನಾಯಿಗೆ ಹಾಕ್ತಿದ್ದೆ. ನಿಜ ಹೇಳಿದ್ರೆ ನೀನು 'ಇನ್ನು ತರಬೇಡಿ' ಅಂತಿದ್ದೆ. ಆಮೇಲೆ ನಾನು ಏನು ಹಿಡ್ಕೊಂಡು ನಿಮ್ಮ ಮೆಟ್ಟಿಲು ಹತ್ತಲಿ?"

ಸನೋಬರ್‌ಗೆ ಈಗ ಎಲ್ಲ ಅರ್ಥವಾಯಿತು. ಅವನು ನನಗಾಗಿ ಬರುತ್ತಿದ್ದ... ನನಗಾಗಿ! ಸಂತೋಷ ಎದೆ ತುಂಬಿ ಬಂತು. ಅದರ ಹಿಂದೆಯೇ ಬುಟ್ಟಿಯ ಮೂಲೆಗೆ ಒತ್ತಿದ ಆ ಪುಟ್ಟ ಕರಿ ಮುಖ ಬಂತು. ಅವಳು ಸೆರಗಿಲ್ಲದ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

"ಅವತ್ತು ಯಾಕೆ ಒಂದು ಮಾತೂ ಆಡದೆ ಹೋದ್ರಿ?"

"ನೀನು ತಪ್ಪೊಪ್ಪಿಕೊಂಡೆ. ನಂಗೆ ಆ ಧೈರ್ಯ ಬರಲಿಲ್ಲ."

"ನಮ್ಮಿಬ್ಬರಲ್ಲಿ ಒಬ್ಬರಾದ್ರೂ ಬಾಯಿ ಬಿಟ್ಟಿದ್ರೆ ಕಿಷ್ಮಿಶ್ ಹೂವಿನ ಕಾಲದಲ್ಲೇ ನೆಮ್ಮದಿಯಾಗಿ ಹೋಗ್ತಿತ್ತು ಹೋತಮ್."

"ಹೌದು. ನಾನಿರೋವರೆಗೂ ಇದು ನನ್ನ ಎದೇಲಿರುತ್ತೆ."

"ನನ್ನ ಎದೇಲೂ."

ಹೊರಗೆ ಬೆಂಚು ಕಿವಿ ನಿಮಿರಿಸಿತ್ತು. ಒಳಗಿದ್ದ ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

"ನಾಳೆ ನಿಮ್ಮನೆಗೆ ಬರಲಾ?" ಅವನ ದನಿ ತೀರಾ ಸಣ್ಣಗಿತ್ತು. "ಬರಿಗೈಲಿ. ನಿಮ್ಮಮ್ಮನ ಹತ್ರ ನಿನ್ನನ್ನ ಕೇಳೋಕೆ."

"ನಾಳೆ ಯಾಕೆ? ಈಗಲೇ ನಡೀರಿ, ಅಮ್ಮ ಮನೇಲೇ ಇದಾಳೆ. ತಡ ಮಾಡಿದ್ದು ಸಾಕು."

"ಕೈಯೆಲ್ಲಾ ಎಣ್ಣೆ ಸನೋಬರ್... ತೊಳ್ಕೊಂಡು ಬರ್ಲಾ?"

"ತೊಳ್ಕೊಳ್ಳಿ. ನಾನು ಇಲ್ಲೇ ನಿಂತಿರ್ತೀನಿ."