ಉಜ್ಜಿ ಅಳಿಸಿದ ನಕ್ಷತ್ರ

"ಹಾಕ್ತೀಯೋ ಇಲ್ವೋ? ಒಂದೇ ಮಾತು ಹೇಳು!"

ಸೊಸೆಯ ಮುಂದಿದ್ದ ಊಟದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಅದೇ ಜಾಗದಲ್ಲಿ ಅತ್ತೆ ಒಂದು ಕಾಗದವನ್ನಿಟ್ಟರು. ಅದರ ಮೇಲೊಂದು ಪೆನ್ನು. ಎಂಜಲು ಕೈ ತೊಳೆದು ಬರುವಷ್ಟು ಪುರುಸೊತ್ತನ್ನೂ ಕೊಡಲಿಲ್ಲ ಆ ಮಹಾತಾಯಿ! ಊರಿನವರು ಅವರನ್ನು ತೂಕದಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮೂವತ್ತೆರಡು ಕೆಲಸಗಾರರ ತಕ್ಕಡಿ ಕಾರ್ಖಾನೆಯನ್ನು ಒಬ್ಬರೇ ನಿಂತು ನಡೆಸಿದ ಗಟ್ಟಿಗಿತ್ತಿ. ಅದನ್ನು ಯಾರೂ ಅಲ್ಲ ಅನ್ನುವಂತಿಲ್ಲ. ಆದರೆ ಲೋಕದ ಸಾಮಾನನ್ನೆಲ್ಲ ಕೂದಲೆಳೆ ತಪ್ಪದಂತೆ ತೂಗಿಸಿದ ಹೆಂಗಸಿಗೆ, ಮನೆಯೊಳಗಿನ ಒಂದು ಹೆಣ್ಣುಜೀವದ ತೂಕ ಮಾತ್ರ ಗೊತ್ತಾಗಲೇ ಇಲ್ಲ ನೋಡಿ!

ಕಾಗದದಲ್ಲಿದ್ದದ್ದು ಒಂದೇ ಸಾಲು. 'ಈ ತಕ್ಕಡಿಗಳ ಪ್ರತಿಯೊಂದು ಭಾಗವೂ ನದಿಯ ಈಚೆ ದಂಡೆಯಲ್ಲೇ ತಯಾರಾಗಿದೆ.' ಆ ಮಾತು ಸುಳ್ಳೆಂದು ಗೊತ್ತಾದರೆ ಸಹಿ ಹಾಕಿದವರಿಗೆ ಜೈಲು, ಕಾರ್ಖಾನೆಗೆ ನದಿಯಾಚೆಯ ಬಾಗಿಲು ಬಂದ್. ಮತ್ತು ಅದು ಸುಳ್ಳು ಎಂಬುದು ಆ ಮನೆಯ ಬೆಕ್ಕಿಗೂ ಗೊತ್ತಿತ್ತು.

ಹೋದ ವರ್ಷದವರೆಗೆ ಆ ನದಿ ಬರೀ ನದಿಯಾಗಿತ್ತು. ಎರಡು ದಂಡೆಯ ಎರಡು ದೇಶಗಳೂ ಒಂದೇ ವ್ಯಾಪಾರ ಒಕ್ಕೂಟದಲ್ಲಿದ್ದವು. ಇಲ್ಲಿ ಹೊರಟ ಲಾರಿ ಸೇತುವೆಯ ಮೇಲೆ ಒಂದು ಗಳಿಗೆಯೂ ನಿಲ್ಲದೆ ಆಚೆ ಸೇರುತ್ತಿತ್ತು. ಆಮೇಲೆ ಈ ದೇಶದವರಿಗೆ ಅದೇನು ಹೊಕ್ಕಿತೋ, 'ನಮ್ಮ ಮನೆ, ನಮ್ಮ ಬಾಗಿಲು' ಎಂದು ಒಕ್ಕೂಟ ಬಿಟ್ಟು ಬಂದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ! ಬೀದಿಯಲ್ಲಿ ಕುಣಿದವರ ಜೊತೆ ತೂಕದಮ್ಮನೂ ಬಾವುಟ ಹಿಡಿದು ಕುಣಿದಿದ್ದರು. ಮರುತಿಂಗಳೇ ಸೇತುವೆಯ ನಡುವೆ ತಡೆಗಂಬ ಬಂತು, ಕಚೇರಿ ಬಂತು. ಪೂರ್ತಿ ಈಚೆ ದಂಡೆಯಲ್ಲೇ ತಯಾರಾದ ಮಾಲಿಗೆ ಮಾತ್ರ ದಾರಿ ಸಲೀಸು, ಉಳಿದದ್ದಕ್ಕೆಲ್ಲ ಕೊಳ್ಳುವವರ ಎದೆ ಒಡೆಯುವಂಥ ಸುಂಕ. ತಕ್ಕಡಿಗಳ ಗಿರಾಕಿಗಳೆಲ್ಲ ಆಚೆಯವರೇ. ಪಕ್ಕದ ಬೀಗದ ಕಾರ್ಖಾನೆ ಆಗಲೇ ಬಾಗಿಲು ಹಾಕಿತ್ತು. ಎದುರಿನ ಗಾಜಿನವನು ಕುಲುಮೆ ಆರಿಸಿ ಮೂರು ವಾರವಾಗಿತ್ತು. ಬೀದಿಯಲ್ಲಿ ಹಗಲುಹೊತ್ತಿನಲ್ಲೇ ಸುತ್ತಿಗೆಯ ಸದ್ದಿಲ್ಲದ ಒಂದು ಮೌನ ಹಬ್ಬುತ್ತ, ಮನೆಯಿಂದ ಮನೆಗೆ ಹತ್ತಿರ ಬರುತ್ತಿತ್ತು.

ತಕ್ಕಡಿಯ ಜೀವವಿರುವುದು ಸ್ಪ್ರಿಂಗಿನಲ್ಲಿ. ಆ ಸ್ಪ್ರಿಂಗ್ ಮಾಡುತ್ತಿದ್ದವರು ನದಿಯಾಚೆಯ ಒಬ್ಬ ಮುದುಕರು, ಅಂದರೆ ಈ ಸೊಸೆಯ ತಂದೆ! ಇಪ್ಪತ್ತು ವರ್ಷದ ಹಿಂದೆ ಸ್ಪ್ರಿಂಗಿನ ಪೆಟ್ಟಿಗೆಗಳ ಹಿಂದೆಯೇ ಹೆಣ್ಣೂ ಈ ಮನೆಗೆ ಬಂದಿತ್ತು. ಮುದುಕರು ಪ್ರತಿ ಸ್ಪ್ರಿಂಗಿನ ತುದಿಯಲ್ಲೂ ಸಾಸಿವೆಯಷ್ಟು ಚಿಕ್ಕ ನಕ್ಷತ್ರವೊಂದನ್ನು ಒತ್ತುತ್ತಿದ್ದರು. ತೂಕದಮ್ಮನಿಗೆ ಅದನ್ನು ಕಂಡರೆ ಮೈ ಉರಿ. "ಬೀಗರ ಗುರುತು ನನ್ನ ತಕ್ಕಡಿ ಹೊಟ್ಟೇಲಿ ಯಾಕೆ? ಇದು ನಮ್ದೇ ಮಾಲು" ಎನ್ನುತ್ತ ದಿನಾ ಮಧ್ಯಾಹ್ನ ಅರ ಹಿಡಿದು ಕೂತು ಒಂದೊಂದನ್ನೂ ಉಜ್ಜಿ ಅಳಿಸುತ್ತಿದ್ದರು. ಕಣ್ಣು ಮಂಜಾದ ಮೇಲೂ ಬೆರಳಲ್ಲಿ ತಡವಿ ತಡವಿ ಉಜ್ಜಿದರು. ಆ ಕಿರಕಿರ ಸದ್ದನ್ನು ಸೊಸೆ ಇಪ್ಪತ್ತು ವರ್ಷ ಹಲ್ಲು ಕಚ್ಚಿ ಕೇಳಿದ್ದಳು. ಒಕ್ಕೂಟ ಬಿಡುವ ಮುನ್ನ ತರಿಸಿ ಪೇರಿಸಿಟ್ಟಿದ್ದ ಪೆಟ್ಟಿಗೆಗಳಿಂದಲೇ ಈಗ ಕೆಲಸ ಸಾಗುತ್ತಿತ್ತು.

"ಅತ್ತೆ... ನೀವೇ ಸಹಿ ಹಾಕಬಹುದಲ್ವಾ?"

"ತಕ್ಕಡೀನ ಕೊನೇಲಿ ಪರೀಕ್ಷೆ ಮಾಡಿದವರೇ ಸಹಿ ಹಾಕಬೇಕು ಅಂತ ನಿಮ್ಮ ಮಾವ ಮಾಡಿದ ಕಟ್ಟಳೆ. ಪರೀಕ್ಷೆ ಮಾಡೋದು ನೀನು. ಮೂವತ್ತೆರಡು ಮನೆ ಒಲೆ ಆರಿಸ್ತೀಯಾ? ಹಾಗಾದ್ರೆ ನಡಿ, ನಿಮ್ಮಪ್ಪನ ಮನೆಗೇ ನಡಿ!"

ಅವಳು ಗಂಡನ ಮುಖ ನೋಡಿದಳು. ಪುಣ್ಯಾತ್ಮ ನೀರಿನ ಲೋಟವನ್ನೇ ನೋಡುತ್ತಿದ್ದ. "ಅಮ್ಮ ಹೇಳಿದ ಹಾಗೆ ಮಾಡಿಬಿಡೇ... ಯಾರು ನೋಡ್ತಾರೆ?" ಎಂದ. ಹೊರಗೆ ಅಂಗಳದಲ್ಲಿ ಕೆಲಸಗಾರರು ಲಾರಿಗೆ ಮಾಲು ತುಂಬಿ ಮುಗಿಸಿ, ಕೈಕಟ್ಟಿಕೊಂಡು ಕಿಟಕಿಯತ್ತಲೇ ನೋಡುತ್ತ ನಿಂತಿದ್ದರು. ಅಯ್ಯೋ, ಅವರ ಮುಖ ನೋಡಿ ಯಾವ ಹೆಣ್ಣು ತಾನೇ ಇಲ್ಲ ಅಂದಾಳು? ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಸಹಿ ಹಾಕಿದಳು.

ಮೂರನೆಯ ದಿನ ಬೆಳಿಗ್ಗೆ ಸೇತುವೆಯಿಂದ ಕರೆ ಬಂತು. ಲಾರಿ ತಡೆದಿದ್ದಾರೆ, ಸಹಿ ಹಾಕಿದವರು ಬರಬೇಕು. ತೂಕದಮ್ಮ ಜೊತೆಗೆ ಹೊರಟರು. ಆದರೆ ತಡೆಗಂಬದ ಆಚೆಗೆ ಬಿಟ್ಟದ್ದು ಸೊಸೆಯೊಬ್ಬಳನ್ನೇ.

ಮೇಜಿನ ಮೇಲೆ ಬಿಚ್ಚಿದ ತಕ್ಕಡಿ, ಅದರ ಪಕ್ಕದಲ್ಲಿ ಸ್ಪ್ರಿಂಗ್. ಆಚೆ ದೇಶದ ಅಧಿಕಾರಿ ಸ್ಪ್ರಿಂಗಿನ ತುದಿಯನ್ನು ಬೆಳಕಿಗೆ ಹಿಡಿದ.

"ಇಲ್ಲೇನೋ ಉಜ್ಜಿದ್ದೀರಲ್ಲಮ್ಮಾ. ಎಲ್ಲಾ ತಕ್ಕಡೀಲೂ ಇದೇ ಜಾಗ ಉಜ್ಜಿದೆ. ನಿಮ್ಮದೇ ಮಾಲಾದ್ರೆ ಉಜ್ಜೋದೇನಿತ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಗಿತ್ತು. ಯಾರೂ ಕೇಳದಿದ್ದ ಕಾಲದಲ್ಲಿ ಬರೀ ಜಂಭಕ್ಕೆ ಉಜ್ಜಿದ್ದು, ಈಗ ಕಳ್ಳತನದ ಸಾಕ್ಷಿಯಾಗಿ ಮೇಜಿನ ಮೇಲೆ ಕೂತಿತ್ತು! ಅಷ್ಟರಲ್ಲಿ ಆಚೆಯ ಬಾಗಿಲು ತೆರೆಯಿತು. ಒಳಗೆ ಬಂದವರು... ಅಪ್ಪ! ವರ್ಷದ ಮೇಲೆ ನೋಡುತ್ತಿದ್ದಾಳೆ. ಅಂಗಿ ಸಡಿಲವಾಗಿದೆ, ಕೆನ್ನೆ ಇಳಿದಿದೆ.

"ಬನ್ನಿ ಯಜಮಾನ್ರೇ. ಇವರು ನಿಮ್ಮ ಮಗಳು ಅಂತ ಗೊತ್ತು, ಅದಕ್ಕೇ ಕರೆಸಿದ್ದು" ಎಂದ ಅಧಿಕಾರಿ. "ನೋಡಿ ಹೇಳಿ. ಇದು ನಿಮ್ಮ ಸ್ಪ್ರಿಂಗಾ?"

ಮುದುಕರು ಅದನ್ನು ಕೈಗೆ ತೆಗೆದುಕೊಂಡರು. ಹೆಬ್ಬೆರಳು ತಾನಾಗಿಯೇ ತುದಿಗೆ ಹೋಯಿತು. ಅಲ್ಲಿ ನಕ್ಷತ್ರವಿಲ್ಲ... ಒರಟಾದ ಗೀರುಗಳು ಮಾತ್ರ. ಬೆರಳು ಅಲ್ಲೇ ನಿಂತಿತು. ಇಪ್ಪತ್ತು ವರ್ಷದಿಂದ ಬೀಗರ ಮನೆಯಲ್ಲಿ ತನ್ನ ಹೆಸರಿಗೆ ಏನು ಮಾಡುತ್ತಿದ್ದರೆಂಬುದು ಅವರಿಗೆ ತಿಳಿದದ್ದು ಆ ಕ್ಷಣದಲ್ಲೇ. ಅವರು ತಲೆಯೆತ್ತಿ ಮಗಳನ್ನು ನೋಡಿದರು. ಅವಳು ತಲೆ ತಗ್ಗಿಸಿದಳು. 'ಹೇಳಿಬಿಡಪ್ಪಾ, ನಿನ್ನದೇ ಅಂತ ಹೇಳಿಬಿಡು' ಎಂದು ಒಳಗೊಂದು ಜೀವ ಕೂಗುತ್ತಿತ್ತು. ಬೇಡ, ಬೇಡ ಎಂದು ಇನ್ನೊಂದು ಜೀವ ಅದರ ಬಾಯಿ ಮುಚ್ಚುತ್ತಿತ್ತು.

ಅಧಿಕಾರಿ ಸ್ಪ್ರಿಂಗನ್ನು ತಕ್ಕಡಿಗೆ ಮತ್ತೆ ಸಿಕ್ಕಿಸಿ ಐದು ಕಿಲೋ ತೂಕದ ಬಟ್ಟು ನೇತುಹಾಕಿದ, ತೆಗೆದ. ಮುಳ್ಳು ಸೊನ್ನೆಗೆ ಬಂದು ಅಲುಗದೆ ನಿಂತಿತು. "ಇಂಥ ಕೆಲಸ ಈ ಸುತ್ತಮುತ್ತ ನಿಮ್ಮನ್ನ ಬಿಟ್ಟು ಇನ್ಯಾರು ಮಾಡ್ತಾರೆ ಹೇಳಿ?"

"ನಂದಲ್ಲ ಸ್ವಾಮಿ."

"ಸರಿಯಾಗಿ ನೋಡಿ ಹೇಳಿ."

"ನೋಡಿದೆ ಸ್ವಾಮಿ... ನನಗೆ ಇಷ್ಟು ಚೆನ್ನಾಗಿ ಮಾಡೋಕೆ ಬರಲ್ಲ."

ಆ ಮಾತು ಹೇಳುವಾಗ ಅವರ ದನಿ ನಡುಗಲಿಲ್ಲ.

ಅಧಿಕಾರಿ ಇಬ್ಬರನ್ನೂ ನೋಡಿದ. ಆಮೇಲೆ ಒಂದು ಸಾಲು ಬರೆದು ಮುದುಕರ ಮುಂದಿಟ್ಟ. 'ಈ ಬಗೆಯ ಸ್ಪ್ರಿಂಗನ್ನು ನಾನು ತಯಾರಿಸುವುದಿಲ್ಲ.' "ಸಹಿ ಹಾಕಿ. ಆದ್ರೆ ನೆನಪಿರಲಿ, ನಾಳೆ ನಿಮ್ಮ ಅಂಗಡೀಲಿ ಇಂಥದ್ದು ಒಂದು ಸಿಕ್ಕಿದ್ರೂ ಇಬ್ಬರೂ ಒಳಗೆ ಹೋಗ್ತೀರಿ."

ಸಹಿ ಹಾಕಿದ ಮೇಲೆ ಇನ್ನು ಬದುಕಿಡೀ ಅವರು ಸ್ಪ್ರಿಂಗ್ ಮಾಡುವಂತಿಲ್ಲ. ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಒಂದೇ ಏಟಿಗೆ ಎಪ್ಪತ್ತು ವರ್ಷದ ಕೈ ಕತ್ತರಿಸಿ ಮೇಜಿನ ಮೇಲಿಟ್ಟು, ಅವರು ಸಲೀಸಾಗಿ ಹೆಸರು ಬರೆದರು.

"ಅಪ್ಪಾ..."

"ಮನೇಲೆಲ್ಲಾ ಚೆನ್ನಾಗಿದ್ದಾರೇನಮ್ಮಾ? ಅತ್ತೇನ ಕೇಳಿದೆ ಅಂತ ಹೇಳು."

ಅಷ್ಟೇ. ಮುದುಕರು ಬಂದ ಬಾಗಿಲಲ್ಲೇ ಹೊರಟರು. ಲಾರಿಯ ಕಾಗದಕ್ಕೆ ಮೊಹರು ಬಿತ್ತು, ತಡೆಗಂಬ ಮೇಲೆದ್ದಿತು.

ಈಚೆ ತುದಿಯಲ್ಲಿ ಕಾಯುತ್ತಿದ್ದ ತೂಕದಮ್ಮ ಓಡೋಡಿ ಬಂದರು. ಲಾರಿ ಆಚೆಗೆ ಸಾಗುತ್ತಿರುವುದನ್ನು ಕಂಡು ಮುಖ ಅರಳಿತ್ತು. "ಬಿಟ್ರಾ? ನಾನು ಹೇಳ್ಲಿಲ್ವಾ! ನಿಮ್ಮಪ್ಪ ಬಂದಿದ್ರಂತೆ, ಏನಂದ್ರು?"

"ಅದು ನಿಮ್ದೇ ಅಂದ್ರು, ಅತ್ತೆ. ಇನ್ನು ಮೇಲೆ ಸ್ಪ್ರಿಂಗೇ ಮಾಡಲ್ಲ ಅಂತ ಬರೆದೂ ಕೊಟ್ರು."

ಅತ್ತೆಯ ನಗು ಅಲ್ಲೇ ನಿಂತಿತು. ಅವರ ಎದೆಯಲ್ಲಿ ಯಾವುದೋ ಲೆಕ್ಕ ತಡವಾಗಿ ಶುರುವಾದಂತಿತ್ತು. ಎಂದೂ ಇಲ್ಲದಷ್ಟು ಮೆಲ್ಲಗೆ ಕೇಳಿದರು.

"ಉಗ್ರಾಣದಲ್ಲಿ... ಇನ್ನೆಷ್ಟು ಪೆಟ್ಟಿಗೆ ಇದೆಯಮ್ಮಾ?"

"ನಾಲ್ಕು."

"ಆಮೇಲೆ?"

ಸೊಸೆ ಕಣ್ಣೊರೆಸಿಕೊಂಡು, ಬಸ್ಸು ನಿಲ್ಲುವ ಕಡೆಗೆ ಹೆಜ್ಜೆ ಹಾಕುತ್ತ ಹೇಳಿದಳು.

"ಆಮೇಲೆ ನಮಗೂ ಮಾಡೋಕೆ ಬರಲ್ಲ, ಅತ್ತೆ."