ತೊಂಬತ್ತೈದು ಡಿಗ್ರಿಯ ಕೆರೆ

ಹಾರನಹಳ್ಳಿ ಆಚೆಯ ದೊಡ್ಡಕಟ್ಟೆಯ ದಡದಲ್ಲಿ ಪುಟ್ಟಮಲ್ಲಮ್ಮನ ಹಸು ಕಾಲು ಚಾಚಿ ಸತ್ತು ಬಿದ್ದಿತ್ತು. ಬಾಯಿ ತುಂಬ ನೊರೆ. ಪಶುವೈದ್ಯರು ಬಗ್ಗಿ ನೋಡಿ ಎದ್ದರು.

"ವಿಷ," ಎಂದರು.

ಸುತ್ತ ನಿಂತವರು ಹಸುವನ್ನು ಬಿಟ್ಟು ಬಸವಪ್ರಸಾದನನ್ನು ನೋಡಿದರು.

ಬಸವಪ್ರಸಾದ್ ಹುಣಸೂರಿನ 'ನಾಲ್ಕೂರು ವಾರ್ತೆ' ಚಾನೆಲ್ಲಿನ ಏಕೈಕ ವರದಿಗಾರ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ತಾಲ್ಲೂಕಿನ ಸಂಕಟಕ್ಕೆ ಅವನೊಬ್ಬನೇ ವಾರಸುದಾರ. ಸೋಮವಾರ ಇದೇ ಕಟ್ಟೆಯಲ್ಲಿ ಮೀನು ಸತ್ತು ತೇಲಿದಾಗ ಅವನು ಮೈಕು ಹಿಡಿದು ಕೂಗಿದ್ದ: 'ಕುದಿಯುತ್ತಿದೆ ಕೆರೆ! ನೀರು ತೊಂಬತ್ತೈದು ಡಿಗ್ರಿ! ಇನ್ನೈದೇ ಡಿಗ್ರಿ, ಆಮೇಲೆ ಬರೀ ಉಗಿ!' ಹವಾಮಾನ ಬದಲಾವಣೆ ತಾಲ್ಲೂಕಿಗೆ ಕಾಲಿಟ್ಟ ದಿನ ಅದೇ ಎಂದೂ ಘೋಷಿಸಿದ್ದ. ಲಕ್ಷ ಜನ ನೋಡಿದ್ದರು.

ಎ.ಎಸ್.ಐ. ಸುರೇಶ್ ಟೋಪಿ ತೆಗೆದು ಬೆವರು ಒರೆಸಿಕೊಂಡರು. "ಏನ್ ಪ್ರಸಾದ್, ಆರೋಪಿ ಸೂರ್ಯ ಅಂತ ನೀವೇ ತೀರ್ಪು ಕೊಟ್ಬಿಟ್ರಿ. ಎಫ್‌ಐಆರ್‌ನಲ್ಲಿ ವಿಳಾಸ ಏನ್ ಬರೀಲಿ? ಆಕಾಶ ಅಂತನಾ?"

ನಾಲ್ಕು ಜನ ನಕ್ಕರು. ಪುಟ್ಟಮಲ್ಲಮ್ಮ ನಗಲಿಲ್ಲ.

"ಮೊದ್ಲು ನಾನು ಅಸುನ ಇತ್ತ ಬುಡ್ನೇ ಇಲ್ಲ ಕಣಪ್ಪ. ಮೀನು ಸತ್ತವೆ, ನೀರಲ್ಲಿ ಏನೋ ಅದೆ ಅಂತ ಎದ್ರುಕೊಂಡಿದ್ದೆ. ಆಮೇಲೆ ಬಿಸಿಗೆ ಸತ್ತವೆ ಅಂತ ನೀನು ಏಳ್ದಲ್ಲ? ಅದ್ಕೇ ನಿನ್ನೆ ಸಂಜೆಗಂಟ ಕಾದು, ನೀರು ತಣ್ಣಗಾದ್ಮೇಲೆ ಕುಡಿಸ್ದೆ."

ಆಕೆ ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಬೈಯಲಿಲ್ಲ. ಅವನನ್ನು ನಂಬಿ ಮಾಡಿದ ಕೆಲಸದ ವರದಿ ಒಪ್ಪಿಸಿದಳು, ಅಷ್ಟೇ.

* * *

ಜನ ಚದುರಿದ ಮೇಲೆ ಪ್ರಸಾದ್ ನೀರಿಗೆ ಕೈ ಇಟ್ಟ. ಬೇಸಿಗೆಯ ನೀರು. ಬೆಚ್ಚಗಿತ್ತು. ಕೈ ಬೇಯಲಿಲ್ಲ. ಸೋಮವಾರ ಇಷ್ಟೂ ಮಾಡಿರಲಿಲ್ಲ.

ಅವತ್ತು ಫೋನ್ ಮಾಡಿ ಕರೆಸಿದ್ದು ದಡದ ಮೇಲಿನ ಜಮೀನಿನ ನಟರಾಜು. "ಗ್ಲೋಬಲ್ ವಾರ್ಮಿಂಗು ಕಣ್ಸಾ, ಬೇಗ ಬನ್ನಿ," ಅಂದಿದ್ದ. ಥರ್ಮಾಮೀಟರ್ ಕೊಟ್ಟವನೂ ಅವನೇ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಯಿಂದ ಬಿಚ್ಚಿ ತಂದದ್ದು.

ಪ್ರಸಾದ್ ಫೋನಿನಲ್ಲಿ ಆ ವಿಡಿಯೊ ತೆರೆದು ಥರ್ಮಾಮೀಟರನ್ನು ದೊಡ್ಡದು ಮಾಡಿ ನೋಡಿದ. ಅಂಕಿಗಳು ಇನ್ನೂರು ದಾಟಿ ಮೇಲೆ ಹೋಗಿದ್ದವು. ನೂರಕ್ಕೇ ನೀರು ಕುದಿಯುವಾಗ ಇನ್ನೂರರ ತನಕ ಅಂಕಿ ಏಕೆ? ಬ್ಯಾರನ್ನಿನ ಶಾಖವನ್ನು ಈ ಸೀಮೆಯವರು ಅಳೆಯುವುದು ಫ್ಯಾರನ್‌ಹೀಟಿನಲ್ಲಿ. ಆ ತೊಂಬತ್ತೈದು ಅಂದರೆ ಸೆಲ್ಸಿಯಸ್ಸಿನಲ್ಲಿ ಮೂವತ್ತೈದು. ಏಪ್ರಿಲ್ ಮಧ್ಯಾಹ್ನ ದಡದ ನೀರು ಅಷ್ಟು ಕಾಯುವುದು ಹೊಸತೇನಲ್ಲ.

ಅವನು ಬಿ.ಎಸ್ಸಿ. ಓದಿದವನು. ಕಿವಿ ಬಿಸಿಯಾಯಿತು. ಎಷ್ಟು ಡಿಗ್ರಿ ಅಂತ ಅಳೆಯಲು ಹೋಗಲಿಲ್ಲ.

* * *

ನಟರಾಜು ಬೇಲಿಯ ಬಳಿಯೇ ಸಿಕ್ಕಿದ. "ವಿಷ ಅಂತೆ? ಅಂಗಾರೆ ಆ ಮಲಯಾಳಿನೇ ಕಣ್ಸಾ. ಕಟ್ಟೆ ಏರಿ ಕೆಳ್ಗೆ ಗುತ್ತಿಗೆಗೆ ಶುಂಠಿ ಆಕವ್ನಲ್ಲ, ಅವ್ನು. ಎಂತೆಂತಾ ಔಷ್ದಿ ಸುರೀತಾನೆ ಅಂತೀರಿ!"

ಚಾನೆಲ್ಲಿನ ಮಾಲೀಕ ಸೋಮಶೇಖರ್‌ಗೆ ಫೋನಿನಲ್ಲಿ ಇದನ್ನು ಹೇಳಿದ್ದೇ ತಡ, ಶೀರ್ಷಿಕೆ ಸಿದ್ಧವಾಯಿತು. "'ಕೇರಳದಿಂದ ಬಂತು ಸಾವು!' ಹೊಡಿ ಪ್ರಸಾದ್, ಈಗ್ಲೇ ಹೊಡಿ."

ಪ್ರಸಾದ್ ಕಟ್ಟೆಯ ಏರಿ ಹತ್ತಿ ನಿಂತ. ಗುತ್ತಿಗೆಯವನ ಶುಂಠಿ ಗದ್ದೆ ಏರಿಯ ಕೆಳಗಿತ್ತು. ಅಲ್ಲಿ ಏನು ಸುರಿದರೂ ಇನ್ನೂ ಕೆಳಗೆ ಹರಿಯಬೇಕು.

"ಆಗಲ್ಲ ಸಾರ್. ನೀರು ಏರಿ ಹತ್ತಲ್ಲ."

"ನಿನಗೆ ಯಾವಾಗಿಂದ ಅನುಮಾನದ ಕಾಯಿಲೆ?"

ಫೋನಿಟ್ಟು ಸೋಮವಾರದ ವಿಡಿಯೊವನ್ನು ಮತ್ತೆ ನೋಡಿದ. ಪ್ರಸಾರವಾದದ್ದಲ್ಲ, ಕತ್ತರಿಸುವ ಮುಂಚಿನದು. ಪ್ರಸಾರದಲ್ಲಿ ನಟರಾಜು ಬಿರುಕುಬಿಟ್ಟ ಮಣ್ಣಿನ ಮುಂದೆ ನಿಂತಿದ್ದ. ಪೂರ್ತಿ ಚಿತ್ರದಲ್ಲಿ ಅವನ ಹಿಂದೆ ಹೊಂಗೆಮರ. ಮರದ ನೆರಳಲ್ಲಿ ಟಾರ್ಪಾಲು. ಟಾರ್ಪಾಲಿನ ಮೇಲೆ ಒದ್ದೆ ಶುಂಠಿ ಬೀಜ. ಪಕ್ಕದಲ್ಲಿ ಬೋರಲು ಹಾಕಿದ ನೀಲಿ ಡ್ರಮ್ಮುಗಳು. ಅಲ್ಲಿಂದ ಕಟ್ಟೆಯವರೆಗೆ ಒಂದು ಒದ್ದೆ ಗೆರೆ.

ಅದನ್ನೆಲ್ಲ ಕತ್ತರಿಸಿದವನು ಅವನೇ. ಮರದ ಹಸಿರು, ಡ್ರಮ್ಮಿನ ನೀಲಿ ಕಂಡರೆ ಮರುಭೂಮಿಯ ಕಳೆ ಬರುವುದಿಲ್ಲ ಅಂತ.

* * *

ಪ್ರಸಾದ್ ವಿಡಿಯೊ ತೋರಿಸಿದ ಮೇಲೆ ಸುರೇಶ್ ನಟರಾಜುವನ್ನು ಕಟ್ಟೆಯ ಬಳಿ ಕರೆಸಿದರು. ಊರೂ ಬಂತು.

"ಶುಂಠಿ ಬಿತ್ತನೆ ಯಾವಾಗ ಮಾಡಿದ್ರಿ?"

"ಯುಗಾದಿಗೇ ಮುಗೀತು ಕಣ್ಸಾ."

ಪ್ರಸಾದ್ ಫೋನು ಮುಂದೆ ಹಿಡಿದ. "ಸೋಮವಾರದ್ದಿದು. ಬೀಜ ಒದ್ದೆ ಇದೆ. ಬಿತ್ತೋ ಮುಂಚೆ ಬೀಜನ ಔಷಧಿ ನೀರಲ್ಲಿ ಅದ್ದಿ ನೆರಳಲ್ಲಿ ಆರಿಸ್ತೀರಿ. ಅದ್ದಿದ ಡ್ರಮ್ ಖಾಲಿ. ಅದರ ನೀರು ಎಲ್ಲಿಗೆ ಹೋಯ್ತು? ಗೆರೆ ನೋಡಿ. ಮೀನು ರಾಶಿ ಬಿದ್ದಿದ್ದು ಆ ಗೆರೆ ಕಟ್ಟೆಗೆ ಸೇರೋ ಮೂಲೇಲಿ. ಹಸು ಬಿದ್ದಿರೋದೂ ಅಲ್ಲೇ. ಬಿಸಿಲು ಒಂದೇ ಮೂಲೆ ಹುಡುಕ್ಕೊಂಡು ಬೀಳಲ್ಲ."

ನಟರಾಜು ಫೋನನ್ನು ನೋಡಿದ. ಪುಟ್ಟಮಲ್ಲಮ್ಮನನ್ನು ನೋಡಲಿಲ್ಲ.

"ಮೀನು ಸಾಯ್ತವೆ ಅಂತ ಗೊತ್ತಿರ್ನಿಲ್ಲ ಕಣ್ಸಾ. ಬೆಳಿಗ್ಗೆ ನೋಡಿ ಕೈಕಾಲು ಬಿದ್ದೋಯ್ತು. ಅದ್ಕೇ ಬಿಸ್ಲು ಅಂದೆ."

"ನಿನ್ನೆ ಮತ್ತೆ ಸುರಿದ್ರಲ್ಲ?" ಎಂದರು ಸುರೇಶ್. "ಇಲ್ಲಿ ನೆಲದ ಮೇಲೆ ಗೆರೆ ಇನ್ನೂ ಹಸಿ ಇದೆ."

"ಇನ್ನೆರಡು ಡ್ರಮ್ ಉಳ್ಕೊಂಡಿತ್ತು. ಎಂಗಿದ್ರೂ ಎಲ್ರೂ ಬಿಸ್ಲು ಅಂತ ನಂಬ್ಬುಟ್ಟಿದ್ರು." ಅವನು ಪ್ರಸಾದನ ಕಡೆ ತಿರುಗಿದ. "ಥರ್ಮಾಮೀಟ್ರು ಕೊಟ್ಟಿದ್ದು ನಾನೇ. ಇನ್ನೈದು ಡಿಗ್ರಿಗೆ ಕುದೀತದೆ ಅಂದಿದ್ದು ಯಾರು? ನಾನಾ? ಅಷ್ಟು ದೊಡ್ಡ ಸುಳ್ಳು ನಂಗೆ ಒಳೀತಾನೇ ಇರ್ನಿಲ್ಲ."

ಯಾರೂ ನಗಲಿಲ್ಲ. ಸುರೇಶ್ ನಟರಾಜುವನ್ನು ಜೀಪು ಹತ್ತಿಸಿದರು. ಪ್ರಸಾದನಿಗೆ ಹತ್ತಲು ಯಾರೂ ಹೇಳಲಿಲ್ಲ. ಹೇಳಿದ್ದರೆ ಹತ್ತುತ್ತಿದ್ದ.

* * *

ಪುಟ್ಟಮಲ್ಲಮ್ಮನ ಎದುರೇ ಅವನು ಕ್ಯಾಮೆರಾಗೆ ಮಾತಾಡಿದ. "ನೀರು ಮೂವತ್ತೈದು ಡಿಗ್ರಿ ಇತ್ತು. ನಾನು ತಪ್ಪು ಓದಿದೆ. ಭೂಮಿ ಕಾಯುತ್ತಿರುವುದು ನಿಜ. ಆದರೆ ಈ ಮೀನು, ಈ ಹಸು ಸತ್ತದ್ದು ಅದರಿಂದಲ್ಲ. ಕಟ್ಟೆಯ ನೀರಿನಲ್ಲಿ ವಿಷವಿದೆ."

ಆಕೆ ಹಸು ಬಿಟ್ಟುಹೋದ ಕರುವಿನ ಕೊರಳು ಸವರುತ್ತಾ ಕೇಳಿದಳು. "ಇದ್ನೂ ಅಷ್ಟೇ ಜನ ನೋಡ್ತಾರಾ?"

ಅವನಿಗೆ ಉತ್ತರ ಗೊತ್ತಿತ್ತು. "ಇಲ್ಲಮ್ಮ."

"ಅಂಗಾರೆ ಮನೆಮನೆಗೋಗಿ ಏಳಪ್ಪ. ಸಂಜೆ ಆಯ್ತಾ ಅದೆ. ದನನ ನೀರಿಗೆ ಬುಡ್ತಾರೆ."

ಮೈಕು ಚೀಲಕ್ಕೆ ಹಾಕಿ ಅವನು ಮೊದಲ ಬಾಗಿಲು ತಟ್ಟಿದ. ಕೊಟ್ಟಿಗೆಯಲ್ಲಿ ಹಗ್ಗ ಬಿಚ್ಚುತ್ತಿದ್ದ ಮುದುಕ ತಲೆಯೆತ್ತಿ ಗುರುತು ಹಿಡಿದ.

"ಓ, ಬನ್ನಿ ಸಾ! ಇವತ್ತೆಷ್ಟು ಡಿಗ್ರಿ?"

"ಸುಳ್ಳು ಹೇಳಿದ್ದೆ ಅಜ್ಜ," ಎಂದ ಪ್ರಸಾದ್. "ಕಟ್ಟೆ ನೀರಲ್ಲಿ ವಿಷ ಇದೆ, ಹಗ್ಗ ಬಿಚ್ಬೇಡಿ."

ಮುದುಕ ಹಗ್ಗ ಹಿಡಿದೇ ಅವನನ್ನು ಮೇಲೆ ಕೆಳಗೆ ನೋಡಿದ. ಆಮೇಲೆ ಗಂಟು ಬಿಗಿದ. ಕೂರು ಎನ್ನಲಿಲ್ಲ. ಪ್ರಸಾದ್ ಮುಂದಿನ ಮನೆಗೆ ನಡೆದ.