ಕಾಲುವೆಯ ಮೀನು, ಕೆರೆಯ ಮೀನು

“ಚೂಟಿ, ಈ ಬಕೆಟ್ ಮುಟ್ಟಿದ್ಯಾ?”

ಚಿಕ್ಕಮ್ಮನ ದನಿ ಏರಲಿಲ್ಲ. ಅದಕ್ಕೇ ಚೂಟಿಗೆ ಹೆಚ್ಚು ಹೆದರಿಕೆಯಾಯಿತು.

ಕಾಲುವೆಯ ದಡದಲ್ಲಿ ಎರಡು ಬಕೆಟ್‌ಗಳಿದ್ದವು. ಒಂದರಲ್ಲಿ ಊರಾಚೆಯ ಕೆರೆಯ ನೀರು, ಆ ಕೆರೆಯ ಮೀನು. ಇನ್ನೊಂದರಲ್ಲಿ ಬಣ್ಣದ ಕಾರ್ಖಾನೆಯ ಹಿಂದೆ ಹರಿಯುವ ಈ ಕಾಲುವೆಯ ನೀರು, ಇಲ್ಲಿಯ ಮೀನು. ಎರಡೂ ಕಡೆ ಒಂದೇ ಜಾತಿಯ, ಬೆರಳುದ್ದದ ಬೂದು ಮೀನುಗಳು. ಚಿಕ್ಕಮ್ಮ ಅವನ್ನು ಲ್ಯಾಬಿಗೆ ಒಯ್ದು ಅವುಗಳ ಜೀನ್ ಪರೀಕ್ಷೆ ಮಾಡುತ್ತಾಳೆ.

“ಕೆರೆ ಬಕೆಟ್ ತುಂಬಾ ರಶ್ ಆಗಿತ್ತು. ಅದಕ್ಕೇ ಅರ್ಧ ಮೀನು ಇದಕ್ಕೆ ಹಾಕ್ದೆ. ಇದರಲ್ಲಿರೋವು ಆರಾಮಾಗಿದ್ವಲ್ಲ.”

ಅವು ಈಗಲೂ ಆರಾಮಾಗೇ ಇದ್ದವು. ಹೊಸದಾಗಿ ಬಂದ ಕೆರೆಯ ಮೀನುಗಳು ಮಾತ್ರ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂದು ಇನ್ನೂ ಬಾಯಿ ಬಿಡುತ್ತಿತ್ತು. ಚೂಟಿ ಅದನ್ನು ಬೊಗಸೆಯಲ್ಲಿ ಎತ್ತಿ ಕೆರೆ ನೀರಿಗೆ ಬಿಟ್ಟಳು. ಅದೂ ಮಗುಚಿಕೊಂಡಿತು.

ಚೂಟಿಗೆ ಅಳು ಒತ್ತರಿಸಿ ಬಂತು. “ಕಾಲುವೆ ನೀರು ಮೀನಿಗೆ ಒಗ್ಗಿಹೋಗಿದೆ ಅಂತ ಅಪ್ಪನೇ ಹೇಳಿದ್ದ.”

ಅಪ್ಪ ಅದೇ ಕಾರ್ಖಾನೆಯಲ್ಲಿ ಬಣ್ಣದ ತೊಟ್ಟಿ ಕಲಕುತ್ತಾನೆ. ಎಷ್ಟೋ ದಿನದಿಂದ ಕೆಮ್ಮು. ಡಾಕ್ಟರಿಗೆ ತೋರಿಸು, ಬೇರೆ ಕೆಲಸ ಕೇಳು ಎಂದು ಅಮ್ಮ ಗೋಗರೆದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. “ಕಾಲುವೆ ಮೀನು ನೋಡು, ಗುಂಡುಕಲ್ಲಿನ ಹಾಗಿವೆ. ನಮಗೂ ಒಗ್ಗುತ್ತೆ,” ಎನ್ನುತ್ತಾನೆ. ಆ ಮಾತು ನಂಬಿ ಚೂಟಿ ನೆಮ್ಮದಿಯಾಗಿದ್ದಳು.

ಚಿಕ್ಕಮ್ಮ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. “ಯಾವ ಮೀನಿಗೂ ಒಗ್ಗಲಿಲ್ಲ ಕಣೆ. ಕಾರ್ಖಾನೆ ಶುರುವಾದಾಗ ಇಲ್ಲಿದ್ದ ಮೀನೂ ಹೀಗೇ ಸತ್ತಿರಬೇಕು. ಎಲ್ಲೋ ಕೆಲವಕ್ಕೆ ಹುಟ್ಟಿನಿಂದಲೇ ಜೀನ್‌ನಲ್ಲಿ ಚೂರು ವ್ಯತ್ಯಾಸ ಇತ್ತು. ಅವು ಉಳ್ಕೊಂಡ್ವು, ಮೊಟ್ಟೆ ಇಟ್ವು. ಈಗಿರೋವು ಅವುಗಳ ಮೊಮ್ಮಕ್ಕಳು, ಮರಿಮಕ್ಕಳು.”

“ಸತ್ತಿದ್ದೆಷ್ಟು?”

“ಯಾರಿಗೆ ಗೊತ್ತು? ಉಳಿದಿರೋವು ಮಾತ್ರ ನಮ್ಮ ಕಣ್ಣಿಗೆ ಬೀಳೋದು.”

ಇಬ್ಬರೂ ಸತ್ತ ಮೀನುಗಳನ್ನು ಒಂದೊಂದಾಗಿ ಎತ್ತಿ ಕವರಿಗೆ ಹಾಕಿದರು.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಕೆಮ್ಮು ಹತ್ತಿಕೊಂಡಿತು. ಅಮ್ಮ ನೀರು ಕೊಟ್ಟು ಮತ್ತೆ ಡಾಕ್ಟರ ಮಾತೆತ್ತಿದಳು.

“ಶುರು ಮಾಡಿದ್ಯಾ ನಿನ್ನ ರಾಗ? ಇಷ್ಟು ವರ್ಷ ಏನಾಗಿದೆ ನಂಗೆ?” ಎಂದು ಅಪ್ಪ ಚೂಟಿಯತ್ತ ಕಣ್ಣು ಮಿಟುಕಿಸಿದ.

ಚೂಟಿ ನಗಲಿಲ್ಲ. “ಅಪ್ಪಾ, ನಿನ್ನ ಜೊತೆ ತೊಟ್ಟಿ ಕೆಲಸಕ್ಕೆ ಸೇರಿದೋರೆಲ್ಲ ಈಗ ಎಲ್ಲಿದ್ದಾರೆ?”

“ಎಲ್ಲಿ ಅಂದ್ರೆ, ಆ ಉದ್ದನೆಯವನು ಇದ್ನಲ್ಲ, ಅವನು ಕೆಮ್ಮಿ ಕೆಮ್ಮಿ...” ಅಪ್ಪ ತಡೆದ. “ಇನ್ನು ಅವನ ತಮ್ಮ...”

ಅಪ್ಪ ತಟ್ಟೆಯಲ್ಲಿ ಸುಮ್ಮನೆ ಕೈಯಾಡಿಸುತ್ತಾ ಕೂತ.

“ಡಾಕ್ಟರು ಬೆಳಿಗ್ಗೆ ಎಷ್ಟೊತ್ತಿಗೆ ಬರ್ತಾರೆ?” ಎಂದ ಕೊನೆಗೆ, ಮೆಲ್ಲಗೆ.

ಚೂಟಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅಪ್ಪನಿಗೆ ಇಷ್ಟು ದಿನವೂ ಹೆದರಿಕೆ ಇತ್ತೆಂದು ಅವಳಿಗೆ ಆಗಲೇ ಗೊತ್ತಾದದ್ದು.